ಮಲೆನಾಡಿಗೆ ಯಾವ ಫಿಶ್‌ಐ? ದುಂಡನೆಯದೋ, ಚೌಕಟ್ಟು ತುಂಬುವುದೋ, ಫಿಶ್‌ಐ ಬೇಡವೇ ಬೇಡವೋ

ಫಿಶ್‌ಐ ಲೆನ್ಸ್, ಅಂದರೆ ಗೆರೆಗಳನ್ನು ಬಾಗಿಸಿಯಾದರೂ ಅತಿ ಅಗಲದ ನೋಟವನ್ನು ಒಂದೇ ಚಿತ್ರಕ್ಕೆ ತರುವ ಲೆನ್ಸ್, ಕೊಂಡವರ ಕಥೆ ಬಹುಪಾಲು ಒಂದೇ ತೆರನಾಗಿರುತ್ತದೆ. ಮೊದಲ ವಾರ ನಾಯಿಯ ಮೂತಿ, ಗೆಳೆಯನ ಮೂಗು, ಬೈಕಿನ ಹೆಡ್‌ಲೈಟು. ಎರಡನೆಯ ವಾರ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿ ಸಾಲು ಡೊಂಕಾಗಿ ನಿಂತ ಚಿತ್ರ. ಮೂರನೆಯ ವಾರ ಲೆನ್ಸು ಬ್ಯಾಗಿನ ತಳ ಸೇರುತ್ತದೆ. ಎಷ್ಟು ಡಿಗ್ರಿ ಅಗಲ ಎಂಬುದೊಂದನ್ನೇ ನೋಡಿ, ಅದರಲ್ಲಿ ಏನನ್ನು ತೆಗೆಯುತ್ತೇನೆ ಎಂದು ಕೇಳಿಕೊಳ್ಳದೆ ಕೊಂಡರೆ ಹೀಗೇ ಆಗುವುದು.

ಯಾವುದನ್ನು ಕೊಳ್ಳಲಿ ಎಂದು ಕೇಳಿದವರಿಗೆ ನಾನು ಹಾಕುವ ಮರುಪ್ರಶ್ನೆ ಒಂದೇ: ನೀವು ತೆಗೆಯುವ ದೃಶ್ಯಕ್ಕೆ ನಡು ಮುಖ್ಯವೋ, ಅಂಚು ಮುಖ್ಯವೋ? ತೊಟ್ಟಿಮನೆಯ ಅಂಗಳದಲ್ಲಿ ನಿಂತು ಮೇಲೆ ನೋಡಿದರೆ ನಡುವೆ ಆಕಾಶ, ಸುತ್ತ ಸೂರು. ಅಡಿಕೆ ತೋಟದಲ್ಲಿ ತಲೆ ಎತ್ತಿದರೆ ಅಷ್ಟೂ ಮರಗಳು ನೆತ್ತಿಯ ಮೇಲಿನ ಒಂದೇ ಬಿಂದುವಿನತ್ತ ಓಡುತ್ತವೆ. ಇವು ನಡು ಇರುವ ದೃಶ್ಯಗಳು. ಲಿಂಗನಮಕ್ಕಿ ಅಣೆಕಟ್ಟಿನ ಗೋಡೆ, ಹಂಚಿನ ಮನೆಯ ಮುಂಭಾಗ, ಹೋಂಸ್ಟೇಯ ಕೋಣೆ ಇವೆಲ್ಲ ಅಂಚಿನ ನೇರಗೆರೆಯಿಂದಲೇ ಗುರುತಾಗುವಂಥವು. ಮೊದಲ ಬಗೆಯ ದೃಶ್ಯವನ್ನು ಫಿಶ್‌ಐ ಕಟ್ಟಿಕೊಡುತ್ತದೆ, ಎರಡನೆಯ ಬಗೆಯದನ್ನು ಕೆಡಿಸುತ್ತದೆ. ಮಲೆನಾಡಿನಲ್ಲಿ ಮೊದಲ ಬಗೆಯವು ಹೇರಳವಾಗಿವೆ. ಹಾಗಾಗಿ ಈ ಲೆನ್ಸಿಗೆ ಇಲ್ಲಿ ಬಯಲುಸೀಮೆಗಿಂತ ಹೆಚ್ಚು ಕೆಲಸವಿದೆ ಎಂಬುದು ನನ್ನ ವಾದ. ಆದರೆ ಯಾವ ಫಿಶ್‌ಐ ಎಂಬುದು ಬೇರೆಯೇ ಮಾತು.

14ಕ್ಕೂ 15ಕ್ಕೂ ಇರುವ ಅಂತರ

ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡಿ ಮೋಸ ಹೋಗುವವರು ಬಹಳ. ಸಾಮಾನ್ಯವಾಗಿ ಈ ಮಿ.ಮೀ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. 14 ಮಿ.ಮೀ.ನ ಅಲ್ಟ್ರಾವೈಡ್ (ಅತಿ ಅಗಲದ) ಲೆನ್ಸ್ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಮೂಲೆಯಿಂದ ಮೂಲೆಗೆ 114 ಡಿಗ್ರಿ ನೋಡುತ್ತದೆ. 15 ಮಿ.ಮೀ.ನ ಫಿಶ್‌ಐ ಅದೇ ಕ್ಯಾಮೆರಾದಲ್ಲಿ 180 ಡಿಗ್ರಿ ನೋಡುತ್ತದೆ. ಸಂಖ್ಯೆ ದೊಡ್ಡದಾಗಿದ್ದೂ ನೋಟ ಹೆಚ್ಚು ಅಗಲ.

ಕಾರಣ ಸರಳ. ಮೊದಲನೆಯದು ನೇರಗೆರೆಯನ್ನು ನೇರವಾಗಿಯೇ ಉಳಿಸಲು ಪಣತೊಟ್ಟ ಲೆನ್ಸ್. ಇದನ್ನು ರೆಕ್ಟಿಲಿನಿಯರ್ ಎನ್ನುತ್ತಾರೆ. ಆ ಪಣಕ್ಕಾಗಿ ಅದು ಅಂಚಿನಲ್ಲಿರುವುದನ್ನೆಲ್ಲ ಹೊರಕ್ಕೆ ಎಳೆಯಬೇಕಾಗುತ್ತದೆ. ಕೋನ ಹೆಚ್ಚಿದಷ್ಟೂ ಈ ಎಳೆತ ಏರುತ್ತಾ ಹೋಗಿ, 180 ಡಿಗ್ರಿ ತಲುಪಬೇಕಾದರೆ ಚಿತ್ರ ಅನಂತ ಅಗಲವಾಗಬೇಕು. ಅದು ಆಗದ ಮಾತು. ಕ್ಯಾನನ್ನಿನ 11-24 ಮಿ.ಮೀ. ಲೆನ್ಸಿನಂಥ ದುಬಾರಿ ಸಾಹಸ ಕೂಡ 126 ಡಿಗ್ರಿಗೆ ನಿಲ್ಲುತ್ತದೆ. ಫಿಶ್‌ಐ ಆ ಪಣವನ್ನೇ ಕೈಬಿಟ್ಟಿದೆ. ಚಿತ್ರದ ನಡುವಿನ ಮೂಲಕ ಹಾದುಹೋಗುವ ಗೆರೆಗಳನ್ನು ಮಾತ್ರ ನೇರವಾಗಿ ಬಿಟ್ಟು, ಉಳಿದದ್ದನ್ನು ಹೊರಕ್ಕೆ ಉಬ್ಬಿಸಿ ಇಡೀ ಅರ್ಧಗೋಳವನ್ನು ಒಳಗೆ ತರುತ್ತದೆ.

ಈ ಒಂದು ವಾಕ್ಯವನ್ನು ನೆನಪಿಟ್ಟರೆ ಸಾಕು: ನಡುವನ್ನು ಹಾದ ಗೆರೆ ಬಾಗುವುದಿಲ್ಲ. ಮುಂದಿನದೆಲ್ಲ ಇದರಿಂದಲೇ ಹುಟ್ಟುತ್ತದೆ.

ಫಿಶ್‌ಐಗಳಲ್ಲೂ ಎರಡು ಜಾತಿ. ಒಂದು ದುಂಡನೆಯದು: ಎಲ್ಲ ದಿಕ್ಕಿಗೂ 180 ಡಿಗ್ರಿ ನೋಡಿ, ಕಪ್ಪು ಚೌಕಟ್ಟಿನ ನಡುವೆ ಗುಂಡು ಚಿತ್ರ ಕೊಡುತ್ತದೆ. ಇನ್ನೊಂದು ಚೌಕಟ್ಟು ತುಂಬುವುದು: ಮೂಲೆಯಿಂದ ಮೂಲೆಗೆ ಮಾತ್ರ 180, ಅಡ್ಡಕ್ಕೆ ಸುಮಾರು 147, ಮೇಲಿನಿಂದ ಕೆಳಕ್ಕೆ ಸುಮಾರು 94 ಡಿಗ್ರಿ. ಅಡ್ಡನೋಟಕ್ಕೂ ಮೇಲು ಕೆಳಗಿನ ನೋಟಕ್ಕೂ ಇರುವ ಈ ಅಂತರವನ್ನು ಅಂಗಡಿಯವರು ಹೇಳುವುದಿಲ್ಲ, ಆದರೆ ತೋಟದಲ್ಲಿ ಅದೇ ಲೆಕ್ಕಕ್ಕೆ ಬರುತ್ತದೆ.

ಅಡಿಕೆ ತೋಟದಲ್ಲಿ ಮಲಗಿ ನೋಡುವುದು

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಫೋಟೊ ತೆಗೆಯುವವರು ಒಂದಲ್ಲ ಒಂದು ದಿನ ಅಡಿಕೆ ತೋಟಕ್ಕೆ ಇಳಿಯುತ್ತಾರೆ. ಇಳಿದವರಲ್ಲಿ ಹೆಚ್ಚಿನವರು ಕ್ಯಾಮೆರಾವನ್ನು ಎದೆಯ ಮಟ್ಟದಲ್ಲಿ ನೆಟ್ಟಗೆ ಹಿಡಿಯುತ್ತಾರೆ. ಫಿಶ್‌ಐ ಇದ್ದರೆ ಆಗ ಏನಾಗುತ್ತದೆ ನೋಡಿ. ಚಿತ್ರದ ನಡುವಿನ ಮರ ನೆಟ್ಟಗೆ ನಿಲ್ಲುತ್ತದೆ. ಪಕ್ಕದವು ಒಂದೊಂದಾಗಿ ಹೊಟ್ಟೆ ಉಬ್ಬಿಸುತ್ತವೆ. ತುದಿಯ ಮರವಂತೂ ಎರಡೂ ಕೊನೆಯಿಂದ ಒಳಕ್ಕೆ ಬಗ್ಗಿ ಮುರಿಯುವಂತೆ ಕಾಣುತ್ತದೆ. ಅಡಿಕೆ ಮರದ ಚೆಂದವಿರುವುದೇ ಅದರ ನೆಟ್ಟಗಿನ ನಿಲುವಿನಲ್ಲಿ. ಅದನ್ನು ಬಗ್ಗಿಸಿದರೆ ಉಳಿಯುವುದು ಲೆನ್ಸಿನ ಚೇಷ್ಟೆ ಮಾತ್ರ. ಈ ಚಿತ್ರ ನೇರಗೆರೆಯ ಅಲ್ಟ್ರಾವೈಡಿಗೆ ಸೇರಿದ್ದು. ಬಸಿಗಾಲುವೆಯ ದಂಡೆಯಲ್ಲಿ ಕುಳಿತು, ಕ್ಯಾಮೆರಾವನ್ನು ಒಂದಿಷ್ಟೂ ಓರೆಯಾಗದಂತೆ ಹಿಡಿದರೆ ಸಾಲು ಸಾಲು ಕಂಬಗಳು ಸಿಗುತ್ತವೆ.

ಈಗ ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಇಡಿ, ಲೆನ್ಸು ನೇರ ನೆತ್ತಿಗೆ. ತೋಟದ ಪ್ರತಿಯೊಂದು ಕಾಂಡವೂ ನೆತ್ತಿಯ ಬಿಂದುವಿನತ್ತ ಸಾಗುವ ಗೆರೆ. ಆ ಬಿಂದುವೇ ಚಿತ್ರದ ನಡು. ಆದ್ದರಿಂದ ಒಂದು ಮರವೂ ಬಾಗುವುದಿಲ್ಲ. ಅರ್ಧಗೋಳವನ್ನು ನುಂಗುವ ಲೆನ್ಸು ಇಟ್ಟುಕೊಂಡೂ ಅಷ್ಟೂ ಕಾಂಡಗಳು ಸಲಾಕೆಯಂತೆ ನೆಟ್ಟಗೆ ಒಳಮುಖವಾಗಿ ಬರುತ್ತವೆ. ಬಾಗುವುದು ಸೋಗೆಗಳು ಮಾತ್ರ, ಅವು ಹೇಗೂ ಬಾಗಿದವೇ. ಫಿಶ್‌ಐ ಎಂದರೆ ಡೊಂಕು ಎಂದು ತಿಳಿದವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ.

ಇಲ್ಲಿ ಯಾವ ಲೆನ್ಸು ಗೆಲ್ಲುತ್ತದೆ? ನೇರಗೆರೆಯ ಅಲ್ಟ್ರಾವೈಡ್ ಕಾಂಡಗಳನ್ನು ನೇರವಾಗಿಯೇ ಕೊಟ್ಟರೂ ಅವುಗಳ ಬುಡ ಚಿತ್ರದೊಳಗೆ ಬರುವುದಿಲ್ಲ. ತಲೆಗಳ ಗುಂಪು ಮಾತ್ರ ಸಿಗುತ್ತದೆ, ಮೂಲೆಯ ಸೋಗೆಗಳು ಎಳೆದು ಉದ್ದವಾಗಿರುತ್ತವೆ. ಚೌಕಟ್ಟು ತುಂಬುವ ಫಿಶ್‌ಐ ಎರಡು ಪಕ್ಕಗಳಲ್ಲಿ ಬುಡದ ಹತ್ತಿರದವರೆಗೆ ಹೋಗಿ, ಮೇಲೆ ಕೆಳಗೆ ಅರ್ಧಕ್ಕೇ ಕತ್ತರಿಸುತ್ತದೆ. ಹಾಗಾಗಿ ಚಿತ್ರದ ಉದ್ದ ಬದಿಯನ್ನು ಮರದ ಸಾಲಿನ ದಿಕ್ಕಿಗೆ ಹೊಂದಿಸುವುದು ಮುಖ್ಯ. ದುಂಡು ಫಿಶ್‌ಐ ಸುತ್ತ ಎಲ್ಲ ಬುಡಗಳನ್ನೂ, ಅವುಗಳ ನಡುವಿನ ಕಾಳುಮೆಣಸಿನ ಬಳ್ಳಿಯನ್ನೂ, ಪಕ್ಕದಲ್ಲಿ ನಿಂತ ನಿಮ್ಮನ್ನೂ ತರುತ್ತದೆ. ಟೈಮರ್ ಹಾಕಿ ಮರದ ಹಿಂದೆ ಅಡಗಬೇಕು, ಇಲ್ಲವೇ ಮೊಬೈಲಿನಿಂದ ಕ್ಯಾಮೆರಾ ನಡೆಸಬೇಕು. ದುಂಡು ಲೆನ್ಸಿಗೆ ನಾನು ಪೂರ್ಣ ಅಂಕ ಕೊಡುವುದು ಈ ಒಂದು ಚಿತ್ರಕ್ಕೆ.

ಅದರ ಹುಟ್ಟೂ ಇದೇ ಕೆಲಸಕ್ಕೆ ಹತ್ತಿರದ್ದು. ನೀರೊಳಗಿನ ಮೀನಿಗೆ ಹೊರಗಿನ ಲೋಕ ಹೇಗೆ ಕಾಣಬಹುದು ಎಂದು ತಿಳಿಯಲು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1906ರಲ್ಲಿ ನೀರು ತುಂಬಿದ ಕ್ಯಾಮೆರಾ ಪ್ರಯೋಗಿಸಿದ. 1924ರಲ್ಲಿ ಇಂಗ್ಲೆಂಡಿನ ರಾಬಿನ್ ಹಿಲ್ ಇಡೀ ಆಕಾಶದ ಮೋಡಗಳನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಲೆನ್ಸ್ ಪ್ರಕಟಿಸಿದ. ಇಂದಿಗೂ ಕಾಡಿನ ಅಧ್ಯಯನ ಮಾಡುವವರು ದುಂಡು ಫಿಶ್‌ಐಯನ್ನು ನೆತ್ತಿಗೆ ತಿರುಗಿಸಿ, ಎಲೆಗಳ ನಡುವೆ ಕಾಣುವ ಆಕಾಶದ ಪಾಲನ್ನು ಅಳೆದು, ನೆಲಕ್ಕೆ ಎಷ್ಟು ಬೆಳಕು ಬೀಳುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಈ ಪದ್ಧತಿಯನ್ನು ಕಲೆಗೂ ಎರವಲು ತರಬಹುದು. ತೋಟದಲ್ಲಿ ಒಂದು ಗೂಟ ಹುಗಿದು, ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಕ್ಯಾಮೆರಾ ಇಟ್ಟು ಬೇಸಿಗೆಯಲ್ಲೊಂದು, ಕೊಳೆರೋಗಕ್ಕೆ ಹೆದರಿ ಅಡಿಕೆ ಕೊನೆಗಳಿಗೆ (ಗೊನೆಗಳಿಗೆ) ಕೊಟ್ಟೆ, ಅಂದರೆ ಮಳೆಗೆ ಹೊದಿಕೆ, ಕಟ್ಟಿದ ಮೇಲೊಂದು, ಕೊಯ್ಲಿನ ಹೊತ್ತಿಗೆ ಕೊನೆಗಾರ ಮರದಿಂದ ಮರಕ್ಕೆ ದಾಟುವಾಗ ಇನ್ನೊಂದು ತೆಗೆಯಿರಿ. ಮೂರನ್ನೂ ಅಕ್ಕಪಕ್ಕ ಇಟ್ಟರೆ ತೋಟದ ವರ್ಷ ಕಣ್ಣಿಗೆ ಕಾಣುತ್ತದೆ.

ಬೆಳಕಿನ ಮಾತು. ವಿಜ್ಞಾನಿಗಳು ಈ ಚಿತ್ರಕ್ಕೆ ಸಮನಾಗಿ ಮೋಡ ಕವಿದ ಆಕಾಶವನ್ನೋ, ಸೂರ್ಯ ಮೇಲೇರದ ಹೊತ್ತನ್ನೋ ಆರಿಸಿಕೊಳ್ಳುತ್ತಾರೆ. ನೀವೂ ಅದನ್ನೇ ಮಾಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಆಕಾಶ ಬೆಳ್ಳಗೆ ಸುಟ್ಟು, ಸೋಗೆಗಳು ಮಸಿಯಾಗುತ್ತವೆ. ಬೇರೆ ಬೇರೆ ಬೆಳಕಿಗೆ ಮೂರು ಚಿತ್ರ ತೆಗೆದು ಬೆರೆಸುವುದುಂಟು, ಗಾಳಿಗೆ ಸೋಗೆ ಆಡಿದರೆ ಅದೂ ಕೆಡುತ್ತದೆ. ಫೋಕಸ್ಸಿನ ತಲೆನೋವು ಮಾತ್ರ ಇಲ್ಲವೇ ಇಲ್ಲ: ಎಪಿಎಸ್‌-ಸಿ (ಫುಲ್‌ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 8 ಮಿ.ಮೀ. ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕಿನ ಕಿಂಡಿಯನ್ನು, ಎಫ್/8ಕ್ಕೆ ಇಟ್ಟು, ಫೋಕಸ್ ಉಂಗುರವನ್ನು 40 ಸೆಂ.ಮೀ.ಗೆ ನಿಲ್ಲಿಸಿದರೆ 20 ಸೆಂ.ಮೀ.ಯಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟ. ಫುಲ್‌ಫ್ರೇಮಿನಲ್ಲಿ 15 ಮಿ.ಮೀ.ಗೆ ಅದೇ ಎಫ್/8ರಲ್ಲಿ ಒಂದು ಮೀಟರಿಗೆ ತುಸು ಕಡಿಮೆ ಇಟ್ಟರೆ ಅರ್ಧ ಮೀಟರಿನಿಂದಾಚೆಗೆ ಯೋಚನೆ ಬೇಡ. ಇದಕ್ಕಾಗಿಯೇ ನಾನು ಫಿಶ್‌ಐಯಲ್ಲಿ ಆಟೊಫೋಕಸ್ಸಿಗೆ ಹೆಚ್ಚು ಹಣ ಕೊಡಬೇಡಿ ಎನ್ನುವುದು.

ತೊಟ್ಟಿಯಿಂದ ಭುವನೇಶ್ವರಿಯವರೆಗೆ

ತೊಟ್ಟಿಮನೆಯಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಂಗಳದ ನಡುವಿನಿಂದ ಮೇಲೆ ನೋಡಿದಾಗ ಕಂಬಗಳು ನೆತ್ತಿಯತ್ತ ಸಾಗುವುದರಿಂದ ನೇರವಾಗಿ ಉಳಿಯುತ್ತವೆ. ಆದರೆ ನಾಲ್ಕು ಸೂರುಗಳ ಅಂಚು ನಡುವನ್ನು ಹಾಯುವುದಿಲ್ಲ, ಹಾಗಾಗಿ ಅವು ಹೊರಕ್ಕೆ ಉಬ್ಬಿ ಆಕಾಶದ ಚೌಕ ತಲೆದಿಂಬಿನ ಆಕಾರ ತಾಳುತ್ತದೆ. ಕೆಲವರಿಗೆ ಇದು ಇಷ್ಟ. ನನಗೂ ಇಷ್ಟ, ಚೌಕದ ನಾಲ್ಕೂ ಬದಿ ಒಂದೇ ಸಮ ಉಬ್ಬಿದ್ದರೆ. ಕ್ಯಾಮೆರಾ ಒಂದು ಗೇಣು ಪಕ್ಕಕ್ಕೆ ಸರಿದರೂ ಒಂದು ಬದಿ ಹೆಚ್ಚು ಉಬ್ಬಿ, ಮನೆ ಕುಸಿಯುತ್ತಿರುವ ಹಾಗೆ ಕಾಣುತ್ತದೆ. ತುಳಸಿಕಟ್ಟೆ ನಡುವಿನಲ್ಲೇ ಇದ್ದರೆ ಅದರ ಪಕ್ಕಕ್ಕೆ ಇಡಬೇಕಾಗುತ್ತದೆ, ಆಗ ಈ ಚಿತ್ರದ ಆಸೆ ಬಿಡುವುದು ಲೇಸು. ಕುಪ್ಪಳಿಯ ಕವಿಮನೆಯನ್ನು ನೋಡಿದ ಛಾಯಾಗ್ರಾಹಕರಿಗೆಲ್ಲ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ, ಆದರೆ ಅಂಥ ಸ್ಮಾರಕಗಳ ಒಳಗೆ ಕ್ಯಾಮೆರಾಕ್ಕೆ ಅನುಮತಿ ಇದೆಯೇ ಎಂದು ಬಾಗಿಲಲ್ಲೇ ಕೇಳಿಕೊಳ್ಳಬೇಕು.

ಕೆಳದಿಯ ರಾಮೇಶ್ವರ ದೇವಾಲಯದ ಒಳಛಾವಣಿಯಲ್ಲಿ ಗಂಡಭೇರುಂಡದ ಕೆತ್ತನೆ ಇದೆ. ಅಂಥ ಭುವನೇಶ್ವರಿಯನ್ನು, ಅಂದರೆ ಕೆತ್ತನೆಯ ಒಳಛಾವಣಿಯನ್ನು, ಮಾತ್ರ ದಾಖಲಿಸಬೇಕಾದರೆ ಫಿಶ್‌ಐ ಬೇಡ. ಕೆತ್ತನೆ ಚಿಕ್ಕದಾಗಿ ನಡುವಿನಲ್ಲಿ ಕಳೆದುಹೋಗುತ್ತದೆ. ಅದರ ಸುತ್ತಲಿನ ತೊಲೆ, ಬೋದಿಗೆ, ಕಂಬ, ಕೆಳಗೆ ನಿಂತ ಭಕ್ತರ ತಲೆ ಎಲ್ಲವೂ ಆ ಕೆತ್ತನೆಯನ್ನು ಸುತ್ತುವರಿದಂತೆ ಬೇಕಿದ್ದರೆ ಚೌಕಟ್ಟು ತುಂಬುವ ಫಿಶ್‌ಐಗೆ ಸಾಟಿಯಿಲ್ಲ. ಇಕ್ಕೇರಿಯ ಅಘೋರೇಶ್ವರ ಮತ್ತು ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಗಳ ಹೊರನೋಟಕ್ಕೆ ನೇರಗೆರೆಯ ಲೆನ್ಸೇ ಸರಿ. ಶಿಲ್ಪಿ ಸಮಕ್ಕೆ ಕಡೆದ ಅಧಿಷ್ಠಾನದ (ತಳಪಾಯದ ಕಟ್ಟೆಯ) ಗೆರೆಯನ್ನು ಬಗ್ಗಿಸಲು ನಾವು ಯಾರು? ಒಳಗೆ ಕತ್ತಲು ಹೆಚ್ಚು. ಟ್ರೈಪಾಡ್ ಊರಲು ಅನುಮತಿ ಬೇಕಾಗುವ ಕಡೆ ಫಿಶ್‌ಐಯ ಒಂದು ಗುಣ ಕೈಹಿಡಿಯುತ್ತದೆ: ಇಷ್ಟು ಅಗಲದ ಲೆನ್ಸಿನಲ್ಲಿ ಕೈ ನಡುಕ ಅಷ್ಟಾಗಿ ಕಾಣಿಸುವುದಿಲ್ಲ, ಕಂಬಕ್ಕೆ ಒರಗಿ, ಉಸಿರು ಹಿಡಿದು ಸೆಕೆಂಡಿನ ಎಂಟನೆಯ ಒಂದು ಭಾಗದಲ್ಲೂ ತೆಗೆಯಬಹುದು.

ಹೋಂಸ್ಟೇಯವರು ಕೋಣೆಯ ಫೋಟೊಗೆಂದು ಫಿಶ್‌ಐ ಕೇಳಿಕೊಂಡು ಬರುವುದುಂಟು. ಕೊಡಬೇಡಿ. ಅವರಿಗೆ ಬೇಕಾದದ್ದು ನೇರಗೆರೆಯ 10-18 ಮಿ.ಮೀ.ನಂಥ ಜೂಮ್, ಅದನ್ನೂ ಪೂರಾ ಅಗಲಕ್ಕೆ ತಿರುಗಿಸದೆ. ಪೂರಾ ತಿರುಗಿಸಿದರೆ ಹತ್ತು ಅಡಿಯ ಕೋಣೆ ಮದುವೆ ಮಂಟಪದಷ್ಟಾಗಿ, ಬೆಂಗಳೂರಿನಿಂದ ಬಂದ ಅತಿಥಿಗಳು ಬಾಗಿಲಲ್ಲೇ ಜಗಳ ತೆಗೆಯುತ್ತಾರೆ.

ದಿಗಂತ ಇರುವಲ್ಲಿ

ಕುಂದಾದ್ರಿ, ಕೊಡಚಾದ್ರಿ, ಆಗುಂಬೆಯ ಸೂರ್ಯಾಸ್ತದ ಕಟ್ಟೆ ಇಲ್ಲೆಲ್ಲ ಗೆರೆ ಒಂದೇ, ದಿಗಂತದ್ದು. ಅದು ಚಿತ್ರದ ಸರಿನಡುವಿನಲ್ಲಿದ್ದರೆ ನೇರ. ಕ್ಯಾಮೆರಾವನ್ನು ಕೆಳಕ್ಕೆ ಬಗ್ಗಿಸಿದರೆ ದಿಗಂತ ಮೇಲೇರಿ ಬೆನ್ನು ಉಬ್ಬಿಸುತ್ತದೆ. ಮೇಲಕ್ಕೆತ್ತಿದರೆ ಕೆಳಗಿಳಿದು ನಡುವಿನಲ್ಲಿ ಜಗ್ಗುತ್ತದೆ. ಉಬ್ಬಿದ್ದು ನೋಡಲು ಹಿತ, ಏಕೆಂದರೆ ಭೂಮಿ ದುಂಡಗಿದೆ ಎಂದು ನಮಗೆ ಗೊತ್ತಿದೆ. ಜಗ್ಗಿದ್ದು ಯಾರಿಗೂ ಹಿಡಿಸಿದ್ದನ್ನು ನಾನು ಕಂಡಿಲ್ಲ. ಆದರೆ ಮಲೆನಾಡಿನಲ್ಲಿ ಒಂದು ಅನುಕೂಲವಿದೆ, ಇಲ್ಲಿ ದಿಗಂತವೇ ಬೆಟ್ಟದ ಸಾಲು. ಏರಿಳಿಯುವ ಗೆರೆ ಇನ್ನಷ್ಟು ಬಾಗಿದರೆ ನೋಡುವವರಿಗೆ ಪತ್ತೆಯೇ ಆಗುವುದಿಲ್ಲ. ಕೊಡಚಾದ್ರಿಯ 1,343 ಮೀಟರ್ ಎತ್ತರದಿಂದ ಕಣಿವೆಗಳ ಕಡೆಗೆ ತೆಗೆದ ಫಿಶ್‌ಐ ಚಿತ್ರವನ್ನು ಸಾದಾ ವೈಡ್ ಎಂದು ನಂಬಿಸಬಹುದು. ಶರಾವತಿ ಹಿನ್ನೀರಿನಲ್ಲಿ ಈ ಆಟ ನಡೆಯದು. ನೀರಿನ ಗೆರೆ ಗುಟ್ಟು ಬಿಟ್ಟುಕೊಡುತ್ತದೆ.

ಜೋಗಕ್ಕೆ ಫಿಶ್‌ಐ ಒಯ್ಯುವವರನ್ನು ಕಂಡರೆ ನನಗೆ ಮರುಕ. 253 ಮೀಟರ್ ಎತ್ತರದಿಂದ ಧುಮುಕುವ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಚಿತ್ರದ ನಡುವೆ ನಾಲ್ಕು ದಾರದೆಳೆಯಾಗುತ್ತವೆ. ಮುಂದೆ ಕಬ್ಬಿಣದ ಬೇಲಿ, ಪಕ್ಕದವರ ಛತ್ರಿ, ನಿಮ್ಮದೇ ಚಪ್ಪಲಿ ದೊಡ್ಡದಾಗಿ ಕಾಣುತ್ತವೆ. ದೂರದ ದೊಡ್ಡದನ್ನು ಚಿಕ್ಕದಾಗಿಸಿ, ಹತ್ತಿರದ ಚಿಕ್ಕದನ್ನು ದೊಡ್ಡದಾಗಿಸುವುದು ಈ ಲೆನ್ಸಿನ ಜಾಯಮಾನ. ಜೋಗಕ್ಕೆ ಸಾಧಾರಣ ಜೂಮೇ ಸಾಕು. ನೀರನ್ನು ನಿಧಾನದ ಶಟರಿನಲ್ಲಿ ಹಾಲಿನಂತೆ ಹರಿಸುವ ಆಸೆಯಿದ್ದರಂತೂ ಫಿಶ್‌ಐ ಮರೆತುಬಿಡಿ. ಅದರ ಮುಂಗಾಜು ಹೊರಕ್ಕೆ ಉಬ್ಬಿರುವುದರಿಂದ, ಅದಕ್ಕೆ ಬೇಕಾದ ಬೆಳಕು ತಗ್ಗಿಸುವ ಫಿಲ್ಟರ್ ತಿರುಪಲು ಜಾಗವಿಲ್ಲ. ಕೆಲವಕ್ಕೆ ಹಿಂಬದಿಯಲ್ಲಿ ತೆಳು ಜೆಲಾಟಿನ್ ಫಿಲ್ಟರ್ ಸಿಕ್ಕಿಸಬಹುದು, ಜೋಗದ ತುಂತುರಿನಲ್ಲಿ ಲೆನ್ಸ್ ಕಳಚಿ ಅದನ್ನು ಮಾಡುವ ಧೈರ್ಯ ನನಗಂತೂ ಇಲ್ಲ.

ಕವಿಶೈಲದ ಮಾತು ಬೇರೆ. ಅಲ್ಲಿ ವೃತ್ತಾಕಾರವಾಗಿ ನಿಲ್ಲಿಸಿದ ಬೃಹತ್ ಕಲ್ಲುಗಳಿವೆ, ಅಂದರೆ ನಡು ಇದೆ. ಸಂಜೆ ಮೋಡ ಬಣ್ಣ ತಿರುಗುವಾಗ ನೆಲಕ್ಕೆ ಹತ್ತಿರ ಕ್ಯಾಮೆರಾ ಇಟ್ಟು ನೆತ್ತಿಗೆ ತಿರುಗಿಸಿದರೆ ಕಲ್ಲುಗಳು ಅಂಚಿನಿಂದ ಒಳಮುಖವಾಗಿ ಏಳುತ್ತವೆ. ಇದಕ್ಕೂ ದುಂಡು ಲೆನ್ಸು ಒಪ್ಪುತ್ತದೆ. ಜನ ಬರುವ ಹೊತ್ತು ಮಾತ್ರ ನೋಡಿಕೊಳ್ಳಿ. 180 ಡಿಗ್ರಿಯಲ್ಲಿ ಯಾರನ್ನೂ ಹೊರಗಿಡಲಾಗದು.

ಮುಖ, ಮೃಗ, ಚೌಕಿ

ಫಿಶ್‌ಐಗಳು ಅರ್ಧಗೋಳವನ್ನು ಚಪ್ಪಟೆಯಾಗಿಸುವ ಲೆಕ್ಕಾಚಾರ ಎಲ್ಲದರಲ್ಲೂ ಒಂದೇ ಅಲ್ಲ. ಕ್ಯಾನನ್, ನಿಕಾನ್ ಮುಂತಾದವರ ಬಹುತೇಕ ಫಿಶ್‌ಐಗಳು ಅಂಚಿಗೆ ಬಂದಂತೆ ವಸ್ತುಗಳನ್ನು ಅಮುಕುತ್ತವೆ. ಪಕ್ಕದಲ್ಲಿ ನಿಂತವರು ತೆಳ್ಳಗಾಗುತ್ತಾರೆ. ಸಮ್ಯಾಂಗ್‌ನ 8 ಮಿ.ಮೀ. ಲೆನ್ಸು ಸ್ಟೀರಿಯೊಗ್ರಾಫಿಕ್ ಎಂಬ ಬೇರೆ ಲೆಕ್ಕಕ್ಕೆ ಹತ್ತಿರವಿದ್ದು, ಅಂಚಿನ ವಸ್ತುಗಳ ಆಕಾರವನ್ನು ಹೆಚ್ಚು ಕಡಿಮೆ ಇದ್ದ ಹಾಗೆ ಬಿಡುತ್ತದೆ. ಜನರನ್ನು ಚಿತ್ರದ ತುಂಬ ಇಡುವವರಿಗೆ ಇದು ದೊಡ್ಡ ಗುಣ. ಫೋಕಸ್, ಅಪರ್ಚರ್ ಎರಡನ್ನೂ ಕೈಯಿಂದಲೇ ತಿರುಗಿಸಬೇಕು, ಎಪಿಎಸ್‌-ಸಿಗೆಂದು ಮಾಡಿದ್ದು. ಅದರ ಕೊರತೆಯೆಂದರೆ 30 ಸೆಂ.ಮೀ.ಗಿಂತ ಹತ್ತಿರಕ್ಕೆ ಫೋಕಸ್ ಬರುವುದಿಲ್ಲ. ಕ್ಯಾನನ್ನಿನ 8-15 ಮಿ.ಮೀ. 15 ಸೆಂ.ಮೀ.ಗೂ, ಟೊಕಿನಾದ 10-17 ಮಿ.ಮೀ. 14 ಸೆಂ.ಮೀ.ಗೂ ಇಳಿಯುತ್ತವೆ. ಈ ದೂರವನ್ನು ಸೆನ್ಸರಿನಿಂದ ಅಳೆಯುತ್ತಾರೆ, ಮುಂಗಾಜಿನಿಂದ ಉಳಿಯುವುದು ಕೆಲವೇ ಬೆರಳಿನ ಅಂತರ. ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಎದ್ದ ಅಣಬೆಯನ್ನು ಮುಂದಿಟ್ಟು, ಹಿಂದೆ ಇಡೀ ಕಾಡನ್ನು ತರುವ ಚಿತ್ರಕ್ಕೆ ಈ ಸಾಮರ್ಥ್ಯ ಬೇಕೇ ಬೇಕು. ಇಂಬಳ (ಜಿಗಣೆ) ಏರುವುದನ್ನು ಲೆಕ್ಕಿಸದೆ ನೆಲಕ್ಕೆ ಹೊಟ್ಟೆ ಹಚ್ಚುವವರು ಸಮ್ಯಾಂಗ್ ಬಿಟ್ಟು ಬೇರೆಯದನ್ನು ನೋಡಲಿ.

ಯಕ್ಷಗಾನದ ಚೌಕಿ, ಅಂದರೆ ಬಣ್ಣದ ಮನೆ, ಫಿಶ್‌ಐಗೆ ಹೇಳಿ ಮಾಡಿಸಿದ ಜಾಗ. ಇಕ್ಕಟ್ಟು, ಎರಡೂ ಬದಿಗೆ ಬಣ್ಣ ಹಚ್ಚಿಕೊಳ್ಳುವ ಕಲಾವಿದರು, ನಡುವೆ ವೇಷಭೂಷಣದ ಪೆಟ್ಟಿಗೆಗಳು, ಒಂದು ತುದಿಯಲ್ಲಿ ಗಣಪತಿ. ನೇರಗೆರೆಯ ಅಲ್ಟ್ರಾವೈಡ್ ಇಲ್ಲಿ ಸೋಲುತ್ತದೆ: ಅಂಚಿನಲ್ಲಿ ಕೂತವರ ತಲೆ ಮೊಟ್ಟೆಯಾಕಾರಕ್ಕೆ ಎಳೆದು, ತಲೆಯ ಕೇದಗೆ ಮುಂದಲೆ ಎಂಬ ವೇಷದ ಕಟ್ಟು ಅಡ್ಡಡ್ಡ ಹಿಗ್ಗುತ್ತದೆ. ಫಿಶ್‌ಐಯಲ್ಲಿ ಗೋಡೆ ಬಾಗುತ್ತದೆ, ಮುಖ ಉಳಿಯುತ್ತದೆ. ಬಣ್ಣದ ಮುಖವನ್ನು ಉಳಿಸಿಕೊಳ್ಳಲು ಚೌಕಿಯ ತಗಡಿನ ಗೋಡೆ ಬಾಗಿದರೆ ಯಾರಿಗೇನು ನಷ್ಟ? ಆದರೆ ಕ್ಯಾಮೆರಾ ಯಾರ ಮುಖಕ್ಕೂ ಮೊಳಕ್ಕಿಂತ ಹತ್ತಿರ ಹೋಗಬಾರದು. ಹತ್ತಿರ ಹೋದರೆ ಮೂಗು ಮುಂದಾಗುವುದು ಯಾವ ಲೆನ್ಸಿನಲ್ಲೂ ತಪ್ಪುವುದಿಲ್ಲ. ಫಿಶ್‌ಐ ಹತ್ತಿರ ಹೋಗಲು ಪುಸಲಾಯಿಸುತ್ತದೆ, ಅಷ್ಟೇ.

ಸಕ್ರೆಬೈಲಿನ ಆನೆ ಬಿಡಾರಕ್ಕೆ ಫಿಶ್‌ಐ ಬೇಡ. ಆನೆ ಆನೆಯಾಗಿ ಕಾಣಬೇಕಾದರೆ ಸೊಂಡಿಲಿಗೆ ಎಟುಕುವಷ್ಟು ಹತ್ತಿರ ನಿಲ್ಲಬೇಕು, ಅದನ್ನು ಮಾವುತರು ಒಪ್ಪುವುದಿಲ್ಲ, ಒಪ್ಪಲೂಬಾರದು. ಅದೇ ಆನೆಗಳು ಶಿವಮೊಗ್ಗದ ದಸರಾ ಮೆರವಣಿಗೆಗೆ ಬಂದಾಗ ಮಾತ್ರ ಕ್ಯಾಮೆರಾವನ್ನು ಮೊನೊಪಾಡಿನ ತುದಿಗೆ ಸಿಕ್ಕಿಸಿ ಜನರ ತಲೆಗಳ ಮೇಲಿನಿಂದ ತೆಗೆಯಿರಿ. ಜನಸಾಗರವೇ ವಸ್ತುವಾಗಿ, ಅಂಬಾರಿ ಅದರ ನಡುವಾಗುತ್ತದೆ. ಮಂಡಗದ್ದೆಯ ಹಕ್ಕಿಗಳ ಬಗ್ಗೆ ಹೇಳಬೇಕಾದದ್ದೇನೂ ಇಲ್ಲ. ಹಾವಿನ ಬಗ್ಗೆ ಹೇಳಲೇಬೇಕು: ಕಾಳಿಂಗ ಸರ್ಪದ ನಾಡಾದ ಆಗುಂಬೆಯಲ್ಲಿ ಗೇಣು ದೂರದಿಂದ ತೆಗೆಯುವ ಲೆನ್ಸನ್ನು ಹಾವಿನತ್ತ ಹಿಡಿಯುವ ಯೋಚನೆಯನ್ನೇ ಮಾಡಬೇಡಿ.

ಕೊಳ್ಳುವ ಹೊತ್ತು

ಮೊದಲು ನಿಮ್ಮ ಕ್ಯಾಮೆರಾದ ಸೆನ್ಸರ್ ನೋಡಿ. ಫುಲ್‌ಫ್ರೇಮಿಗೆಂದು ಮಾಡಿದ 15 ಮಿ.ಮೀ. ಫಿಶ್‌ಐಯನ್ನು ಎಪಿಎಸ್‌-ಸಿ ಕ್ಯಾಮೆರಾಕ್ಕೆ ಹಾಕಿದರೆ ನೋಟ ಸುಮಾರು 110 ಡಿಗ್ರಿಗೆ ಇಳಿದು, ಫಿಶ್‌ಐಯೂ ಅಲ್ಲದ, ನೇರವೂ ಅಲ್ಲದ ಎಡಬಿಡಂಗಿ ಚಿತ್ರ ಬರುತ್ತದೆ. ದುಂಡು 8 ಮಿ.ಮೀ. ಹಾಕಿದರೆ ವೃತ್ತದ ಮೇಲು ಕೆಳಗು ಕತ್ತರಿಸಿಹೋಗುತ್ತದೆ. ಎಪಿಎಸ್‌-ಸಿ ಇರುವವರು ಅದಕ್ಕೆಂದೇ ಮಾಡಿದ 7.5 ಅಥವಾ 8 ಮಿ.ಮೀ. ಲೆನ್ಸನ್ನೋ, ಟೊಕಿನಾ ಜೂಮನ್ನೋ ಆರಿಸಿಕೊಳ್ಳಲಿ. 7ಆರ್ಟಿಸನ್ಸ್, ಟಿಟಿಆರ್ಟಿಸನ್ ಮುಂತಾದ ಚೀನಾ ಕಂಪನಿಗಳ ಕೈಫೋಕಸ್ ಲೆನ್ಸುಗಳು ದೊಡ್ಡ ಕಂಪನಿಗಳದ್ದಕ್ಕಿಂತ ಬಹಳ ಅಗ್ಗ. ಸೂರ್ಯ ಎದುರಿಗಿದ್ದರೆ ಬೆಳಕಿನ ಕಲೆ ಹೆಚ್ಚು. 180 ಡಿಗ್ರಿಯಲ್ಲಿ ಸೂರ್ಯ ಹೆಚ್ಚಾಗಿ ಎದುರಿಗೇ ಇರುತ್ತಾನೆ ಎಂಬುದು ನೆನಪಿರಲಿ. ಆದರೂ ಮೊದಲ ಫಿಶ್‌ಐ ಆಗಿ ನಾನು ಹೇಳುವುದು ಇವನ್ನೇ.

ಫುಲ್‌ಫ್ರೇಮ್ ಇದ್ದು ಹಣದ ಅಡಚಣೆ ಇಲ್ಲದಿದ್ದರೆ ಕ್ಯಾನನ್ 8-15 ಮಿ.ಮೀ. ಅಥವಾ ನಿಕಾನ್ 8-15 ಮಿ.ಮೀ. ಜೂಮ್ ಒಂದೇ ಲೆನ್ಸಿನಲ್ಲಿ ಎರಡೂ ಜಾತಿಯನ್ನು ಕೊಡುತ್ತದೆ: 8ರಲ್ಲಿ ದುಂಡು, 15ರಲ್ಲಿ ಚೌಕಟ್ಟು ತುಂಬ. ದುಂಡು ಚಿತ್ರ ವರ್ಷಕ್ಕೆ ಬೆರಳೆಣಿಕೆಯಷ್ಟೇ ಬೇಕಾಗುವುದರಿಂದ ಅದಕ್ಕೊಂದು ಪ್ರತ್ಯೇಕ ಲೆನ್ಸು ಕೊಳ್ಳುವುದು ದುಂದು. ರಾತ್ರಿ ಆಕಾಶದ ಹುಚ್ಚಿದ್ದವರಿಗೆ ಮಾತ್ರ ಎಫ್/4ರ ಆಸುಪಾಸಿನ ಜೂಮಿಗಿಂತ ಎಫ್/2.8 ಅಥವಾ ಅದಕ್ಕಿಂತ ದೊಡ್ಡ ಬಾಯಿಯ 15 ಮಿ.ಮೀ. ಲೆನ್ಸು ಮೇಲು, ಅರ್ಧ ನಿಮಿಷದವರೆಗೆ ಶಟರ್ ತೆರೆದಿಟ್ಟರೂ ನಕ್ಷತ್ರಗಳು ಗೆರೆಯಾಗುವುದು ಕಡಿಮೆ.

ಫಿಶ್‌ಐ ಕೊಂಡು ಕಂಪ್ಯೂಟರಿನಲ್ಲಿ ನೇರ ಮಾಡಿಕೊಂಡರೆ ಎರಡು ಲೆನ್ಸಿನ ಕೆಲಸ ಒಂದರಲ್ಲೇ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಹ್ಯೂಗಿನ್, ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶಗಳು ಇದನ್ನು ಮಾಡುತ್ತವೆ. ಮೂಲೆಗಳು ಹಿಗ್ಗಿ ಮಂಕಾಗುತ್ತವೆ, ಚೌಕಟ್ಟಿನ ಒಂದಿಷ್ಟು ಭಾಗ ಕಳೆದುಹೋಗುತ್ತದೆ. ಹ್ಯೂಗಿನ್‌ನಲ್ಲಿ ಪಾನಿನಿ ಎಂಬ ಇನ್ನೊಂದು ವಿಧಾನವಿದ್ದು, ಅದು ನಿಂತ ಗೆರೆಗಳನ್ನು ನೇರ ಮಾಡಿ ಅಡ್ಡಗೆರೆಗಳನ್ನು ತುಸು ಬಾಗಲು ಬಿಡುತ್ತದೆ. ಜಗುಲಿ, ಪೇಟೆಬೀದಿ, ದೇವಾಲಯದ ಮಂಟಪಕ್ಕೆ ಬಲು ಚೆನ್ನ. ತಿರುಗಿ ಹೋಗುವ ದಾರಿ ಮಾತ್ರ ಇಲ್ಲ. 14 ಮಿ.ಮೀ. ಚಿತ್ರವನ್ನು ಬಗ್ಗಿಸಿ ಫಿಶ್‌ಐಯಂತೆ ಮಾಡಬಹುದಾದರೂ ಅದು ನೋಡದೇ ಬಿಟ್ಟ ತೋಟದ ಅಂಚನ್ನು ಎಲ್ಲಿಂದ ತರುವುದು? ಒಂದೇ ಲೆನ್ಸು ಕೊಳ್ಳಲು ಹಣವಿದ್ದು, ಕಟ್ಟಡದ ಚಿತ್ರ ಅಪರೂಪಕ್ಕೆ ಮಾತ್ರ ಬೇಕಿದ್ದರೆ ಫಿಶ್‌ಐ ಕಡೆಗೆ ತಕ್ಕಡಿ ವಾಲುತ್ತದೆ.

ಏನನ್ನೂ ಕೊಳ್ಳದೆ ರುಚಿ ನೋಡಬೇಕೆ? ಮೊಬೈಲಿನ ಅಲ್ಟ್ರಾವೈಡ್ ಇದಕ್ಕೆ ಬಾರದು. ಅದು ಸುಮಾರು 120 ಡಿಗ್ರಿ ನೋಡಿ, ಗೆರೆಗಳನ್ನು ತಾನೇ ನೇರ ಮಾಡಿಬಿಡುತ್ತದೆ. ಮೊಬೈಲಿಗೆ ಚಿಮಟದಂತೆ ಸಿಕ್ಕಿಸುವ ಫಿಶ್‌ಐಗಳ ಅಂಚು ಮಸುಕು, ಅಂಚೇ ಮುಖ್ಯವಾದ ಕಡೆ ಅದರಿಂದೇನು ಪ್ರಯೋಜನ. ಗೆಳೆಯರ ಬಳಿ ಗೋಪ್ರೋದಂಥ ಆಕ್ಷನ್ ಕ್ಯಾಮೆರಾ ಇದ್ದರೆ ವಾರಕ್ಕೆ ಕೇಳಿ ತನ್ನಿ. ಅದರ ಅಗಲದ ನೋಟ ನಿಜವಾದ ಫಿಶ್‌ಐಗೆ ಹತ್ತಿರ, ಮಳೆಗೂ ಜಗ್ಗುವುದಿಲ್ಲ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಜುಲೈ ತಿಂಗಳಿಗೆ ನಾನು ಆರಿಸುವುದು ಅದನ್ನೇ, ಏಕೆಂದರೆ ಫಿಶ್‌ಐಗೆ ಛತ್ರಿ ಹಿಡಿದರೆ ಛತ್ರಿಯೂ ಚಿತ್ರದಲ್ಲಿ ಬರುತ್ತದೆ, ಹಿಡಿಯದಿದ್ದರೆ ಮುಂಗಾಜಿನ ಮೇಲಿನ ಪ್ರತಿ ಹನಿಯೂ ಬರುತ್ತದೆ. 360 ಡಿಗ್ರಿ ಕ್ಯಾಮೆರಾಗಳಲ್ಲಿರುವುದು ಬೆನ್ನಿಗೆ ಬೆನ್ನು ಕೂಡಿಸಿದ ಎರಡು ಫಿಶ್‌ಐಗಳು. ಕುಂದಾದ್ರಿಯ ಬಂಡೆ, ಬಸದಿ, ಕೊಳಗಳನ್ನೆಲ್ಲ ಸುತ್ತಿ ಪುಟ್ಟ ಗ್ರಹವಾಗಿಸುವ ಚಿತ್ರ ಅವುಗಳಿಂದ ಸಲೀಸು. ಒಮ್ಮೆ ನೋಡಿದರೆ ಬೆರಗು, ಹತ್ತನೆಯ ಸಲ ಆಕಳಿಕೆ.

ಹಳೆಯ ಲೆನ್ಸು ಕೊಳ್ಳುವುದಾದರೆ ಹಗಲಿನಲ್ಲೇ ನೋಡಿ. ಅಪರ್ಚರನ್ನು ಪೂರಾ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ದಿಟ್ಟಿಸಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಬೆಲೆ ಎಷ್ಟೇ ಇಳಿಸಿದರೂ ಬೇಡ. ಮುಂಗಾಜಿನ ಗೀರುಗಳನ್ನು ಬೇರೆ ಲೆನ್ಸಿನಲ್ಲಿ ಕ್ಷಮಿಸಬಹುದು, ಇಲ್ಲಿ ಕ್ಷಮಿಸಬೇಡಿ. ಎಫ್/16ರಲ್ಲಿ ಬಿಳಿ ಆಕಾಶದತ್ತ ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ ಗೀರು, ಧೂಳು ಎಲ್ಲವೂ ಬಯಲಿಗೆ ಬರುತ್ತವೆ. ಮುಚ್ಚಳ ಸಡಿಲವಾಗಿದ್ದರೆ ಹೊಸದು ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳಿ. ಉಬ್ಬುಗಾಜಿಗೆ ಬೇರೆ ಲೆನ್ಸಿನ ಮುಚ್ಚಳ ಕೂರುವುದಿಲ್ಲ.